ಮೂರು ತಲೆಗೆ ಹೊಲಿದ ಟೆಂಟು

ನಮ್ಮಣ್ಣ ಟೆಂಟು, ಟಾರ್ಪಾಲು, ಬೆನ್ನಿಗೆ ಹಾಕುವ ಚೀಲ ಹೊಲಿಯುವವನು. ಅಂಗಿ ಹೊಲಿಯುವ ದರ್ಜಿ ಎಂದುಕೊಂಡು ಯಾರಾದರೂ ಬಟ್ಟೆ ಹಿಡಿದು ಬಂದರೆ ಅವನಿಗೆ ಕೋಪ ಮೂಗಿನ ತುದಿಗೆ ಬರುತ್ತದೆ. "ಅಂಗಿ ಒದ್ದೆಯಾದ್ರೆ ಒಣಗುತ್ತೆ. ಟೆಂಟು ಸೋರಿದ್ರೆ ಒಳಗಿರೋನ ಗತಿ ಏನು?" ಎಂದು ಕೇಳಿ ಕಳಿಸುತ್ತಾನೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಅಂಗಡಿ. ನಾನು ಮಧ್ಯಾಹ್ನದ ಮೇಲೆ ಹೋಗಿ ಝಿಪ್ ಕೂರಿಸುತ್ತೇನೆ, ಹಗ್ಗದ ತೂತುಗಳಿಗೆ ಹಿತ್ತಾಳೆಯ ಬಳೆ ಒತ್ತುತ್ತೇನೆ. ತಂಗಿ ಅಂತ ಒಂದು ದಿನವೂ ರಿಯಾಯಿತಿ ತೋರಿಸಿದವನಲ್ಲ. ಬಳೆ ಒಂದು ಕೂದಲೆಳೆ ಓರೆಯಾದರೂ ಕಿತ್ತು ಮತ್ತೆ ಹಾಕಿಸುತ್ತಾನೆ.

ಅವನ ಲೆಕ್ಕಾಚಾರವೇ ಬೇರೆ. ಉದ್ದ ಅಗಲ ಕೇಳುವುದಿಲ್ಲ, "ಎಷ್ಟು ತಲೆ?" ಎಂದು ಕೇಳುತ್ತಾನೆ. ತಲೆಗೆ ಎರಡಡಿ. ಅಷ್ಟು ಕತ್ತರಿಸಿ, ಹೊಲಿದು, ಪ್ರತಿ ಹೊಲಿಗೆಯ ಮೇಲೂ ಮೇಣ ತಿಕ್ಕಿ, ಕೊನೆಗೆ ಒಂದು ಮೂಲೆಯಲ್ಲಿ ಪುಟ್ಟ ಜೇಬು ಮಾಡಿ ಅದೇ ಬಟ್ಟೆಯ ತೇಪೆಯೊಂದನ್ನು ಇಡುತ್ತಾನೆ. ಎಲ್ಲಾದರೂ ಹರಿದರೆ ಇರಲಿ ಅಂತ.

ಈ ಮನುಷ್ಯನಿಗೆ ಬದುಕಿನಲ್ಲಿ ಒಂದೇ ಒಂದು ಚಟ. ವರ್ಷಕ್ಕೊಮ್ಮೆ ಐದು ದಿನ, ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಮೂವರು ಗೆಳೆಯರ ಜೊತೆ ಚೀಲ ಹೊತ್ತು ಸಮುದ್ರದ ದಂಡೆಯುದ್ದಕ್ಕೂ ನಡೆಯುವುದು. ಒಬ್ಬ ಮೇಷ್ಟ್ರು. ಒಬ್ಬ ಆಸ್ಪತ್ರೆಯ ಕಂಪೌಂಡರ್. ಇನ್ನೊಬ್ಬ ಗೋಡೆಗೆ ಬಣ್ಣ ಬಳಿಯುವವನು, ಎಷ್ಟು ಉದ್ದ ಎಂದರೆ ಎಲ್ಲರೂ ಅವನನ್ನು ಏಣಿ ಎಂದೇ ಕರೆಯುತ್ತಾರೆ. ಮೇಷ್ಟ್ರಿಗೆ ರಜೆ ಸಿಗುವುದೇ ಗಾಳಿ-ಮಳೆ ಶುರುವಾದ ಮೇಲೆ, ಹಾಗಾಗಿ ಇಪ್ಪತ್ತೆರಡು ವರ್ಷವೂ ನೆನೆದುಕೊಂಡೇ ನಡೆದಿದ್ದಾರೆ. ಉಳಿದ ಮುನ್ನೂರ ಅರವತ್ತು ದಿನ ಅಣ್ಣ ಆ ಐದು ದಿನದ ಮಾತಾಡಿಕೊಂಡೇ ಕಳೆಯುತ್ತಾನೆ. ನನಗಂತೂ ಕೇಳಿ ಕೇಳಿ ಕಿವಿ ತೂತಾಗಿದೆ.

ಅವರದೊಂದು ಕಟ್ಟಳೆ ಇತ್ತು: ಯಾರು ಎಲ್ಲರಿಗಿಂತ ನಿಧಾನವೋ ಅವನು ಮುಂದೆ ನಡೆಯಬೇಕು, ಆಗ ಯಾರೂ ಹಿಂದೆ ಬೀಳುವುದಿಲ್ಲ. ಮೊದಮೊದಲು ದಪ್ಪಗಿದ್ದ ಕಂಪೌಂಡರ್ ಮುಂದಿರುತ್ತಿದ್ದ. ಈ ಮೂರು ವರ್ಷದಿಂದ ಅಣ್ಣನೇ. ಅವನ ಎಡಮಂಡಿ ಕೈ ಕೊಟ್ಟಿತ್ತು. ಹೋದ ವರ್ಷ ಇವನಿಂದಾಗಿ ಸಮುದ್ರದ ನೀರು ಇಳಿದು ದಾರಿ ಬಿಡುವ ಹೊತ್ತು ತಪ್ಪಿ, ನಾಲ್ಕೂ ಜನ ಅರ್ಧ ದಿನ ಬಂಡೆಯ ಮೇಲೆ ಕೂರಬೇಕಾಯಿತು. "ಎಷ್ಟು ನಕ್ವಿ ಗೊತ್ತಾ" ಎಂದು ಅಣ್ಣ ನನಗೆ ಹೇಳಿದ್ದ. ನಕ್ಕವನು ಇವನೊಬ್ಬನೇ ಎಂದು ಈಗ ಅನ್ನಿಸುತ್ತದೆ.

ಈ ವರ್ಷ ಹೊರಡುವುದಕ್ಕೆ ಎರಡು ತಿಂಗಳು ಮುಂಚೆ ಮೇಷ್ಟ್ರು ಬೂದು ಬಣ್ಣದ ಬಟ್ಟೆಯ ದೊಡ್ಡ ಸುರುಳಿ ಹೊತ್ತು ಅಂಗಡಿಗೆ ಬಂದರು.

"ನನ್ನ ಭಾವಮೈದುನನ ಮಕ್ಕಳಿಗೊಂದು ಟೆಂಟು ಬೇಕಿತ್ತು ಕಣೋ. ಮೂರು ತಲೆ."

"ರೆಡಿಮೇಡ್ ಸಿಗುತ್ತಲ್ಲೋ."

"ನಿನ್ನ ಹೊಲಿಗೆ ಮೇಲಿರೋ ನಂಬಿಕೆ ಬೇರೆಯವರ ಮೇಲೆ ಬರಲ್ಲ."

ಆ ಒಂದು ಮಾತಿಗೆ ಅಣ್ಣ ವಾರವಿಡೀ ಉಬ್ಬಿಹೋಗಿದ್ದ. ಅಂಗಡಿಯಲ್ಲಿ ಜಾಗ ಸಾಲದೆ ಮನೆಯ ಪಡಸಾಲೆಯಲ್ಲಿ ಬಟ್ಟೆ ಹರಡಿ ಕತ್ತರಿಸಿದ. ಅತ್ತಿಗೆ ಇನ್ನೊಂದು ತುದಿ ಹಿಡಿದುಕೊಂಡರು. ಗೆಳೆಯನ ಮನೆಯ ಮಕ್ಕಳು ಅಂತ ಒಂದು ಸಾಲು ಹೊಲಿಗೆ ಹಾಕುವ ಕಡೆ ಎರಡು ಸಾಲು ಹಾಕಿದ. ಬಳೆಗಳನ್ನು ನಾನೇ ಒತ್ತಿದೆ. ನನ್ನ ಕೈಯೂ ಅದರಲ್ಲಿದೆ.

ಹೊರಡುವ ದಿನ ಅತ್ತಿಗೆ ಮಂಡಿ ನೋವಿನ ಮಾತ್ರೆ ಎಣಿಸಿ ಚೀಲದಲ್ಲಿಟ್ಟರು. ಅಣ್ಣ ತೆಗೆದು ನೋಡಿದ. "ಆರೇ ಇದೆಯಲ್ಲೇ. ದಿನಕ್ಕೆರಡು ಅಂದ್ರೆ ಹತ್ತು ಬೇಕು."

"ಸಾಕು ಬಿಡಿ. ಜಾಸ್ತಿ ನುಂಗಿದ್ರೆ ಹೊಟ್ಟೆ ಉರಿಯುತ್ತೆ" ಎಂದರು ಅತ್ತಿಗೆ. ಅವನು ಹೊರಡುವ ಖುಷಿಯಲ್ಲಿ ವಾದಿಸಲಿಲ್ಲ.

ಮುಂದಿನದನ್ನು ಅಣ್ಣ ನನಗೆ ಆಮೇಲೆ ಹೇಳಿದ್ದು, ಒಂದೇ ಸಲ, ಸೂಜಿಗೆ ದಾರ ಪೋಣಿಸುತ್ತ.

ಮೊದಲ ದಿನ ಬರೀ ಗಾಳಿ, ಮರಳು ಹಲ್ಲಿನ ಸಂದಿಗೂ ನುಗ್ಗುವಂಥದ್ದು. ಎರಡನೆಯ ದಿನ ಅದಕ್ಕೆ ಮಳೆಯೂ ಸೇರಿತು. ಮಧ್ಯಾಹ್ನದ ಹೊತ್ತಿಗೆ ಮುಂದೆ ಹೆಜ್ಜೆ ಇಡಲಾಗದೆ ಹಳೆಯ ಟೆಂಟು ಹಾಕಿದರು, ಅಣ್ಣ ಹನ್ನೆರಡು ವರ್ಷದ ಹಿಂದೆ ನಾಲ್ಕು ತಲೆಗೆ ಹೊಲಿದದ್ದು. ಗಾಳಿಗೆ ಕೋಲು ಮುರಿದು, ಅದರ ಮೊನೆ ಸಿಕ್ಕಿ ಬಟ್ಟೆ ನೆತ್ತಿಯಿಂದ ಬುಡದವರೆಗೆ ಸೀಳಿತು. ಆ ಬಯಲಿನಲ್ಲಿ ಒಂದು ಮರವಿಲ್ಲ, ಗೋಡೆಯಿಲ್ಲ. ಕಂಪೌಂಡರ್ ಚಳಿಗೆ ಗಡಗಡ ನಡುಗತೊಡಗಿದ.

ಏಣಿ ಮೇಷ್ಟ್ರ ಕಡೆ ತಿರುಗಿ, "ಅದನ್ನ ತೆಗಿ" ಎಂದ.

ಮೇಷ್ಟ್ರು ಅಲ್ಲಾಡಲಿಲ್ಲ.

"ತೆಗಿಯಪ್ಪ, ಅವನನ್ನ ನೋಡು ಸ್ವಲ್ಪ."

ಮೇಷ್ಟ್ರು ತಮ್ಮ ಚೀಲದ ತಳದಿಂದ ಬೂದು ಬಣ್ಣದ ಗಂಟೊಂದನ್ನು ಎಳೆದರು. ಅಣ್ಣ ನೋಡಿದ ಕೂಡಲೇ ಗುರುತು ಹಿಡಿದ. ಅವನಿಗೆ ಮೊದಲು ಆದದ್ದು ಸಂತೋಷ. "ಮಕ್ಕಳಿಗೆ ಕೊಡೋ ಮುಂಚೆ ಪರೀಕ್ಷೆ ಮಾಡೋಣ ಅಂತ ತಂದ್ಯೇನೋ? ಒಳ್ಳೇದಾಯ್ತು" ಎಂದ. ಮರಗಟ್ಟಿದ ಬೆರಳಲ್ಲಿ ಅವನೇ ಹಗ್ಗ ಬಿಗಿದು ಟೆಂಟು ನಿಲ್ಲಿಸಿದ.

ಒಳಗೆ ಮೂವರು ಮಲಗಿದರು. ನಾಲ್ಕನೆಯವನಿಗೆ ಉಳಿದದ್ದು ಬಾಗಿಲ ಹತ್ತಿರದ ಒಂದು ಗೇಣು. ಅಣ್ಣ ಮಂಡಿ ಮಡಿಸಿಕೊಂಡು ಅಲ್ಲಿ ಕೂತ, ಎದುರಿಗಿದ್ದ ಮೂರು ತಲೆಗಳನ್ನು ನೋಡಿದ. ಅಳತೆ ಅವನದೇ ಅಲ್ಲವೇ, ಎಷ್ಟು ಹೊತ್ತು ಬೇಕು ತಿಳಿಯಲು.

"ಭಾವಮೈದುನಂಗೆ ಮಕ್ಕಳೇ ಇಲ್ಲ ಅಲ್ವಾ?" ಎಂದು ಕೇಳಿದ.

ಮೇಷ್ಟ್ರು ಟೆಂಟಿನ ಬಟ್ಟೆಯ ಕಡೆ ಮುಖ ತಿರುಗಿಸಿದರು. ಬಾಯಿ ಬಿಟ್ಟವನು ಕಂಪೌಂಡರ್. ನಾಳೆ ಮಧ್ಯಾಹ್ನದೊಳಗೆ ಡಾಂಬರು ರಸ್ತೆ ಸಿಗುತ್ತದೆ, ಅಲ್ಲಿ ಬಸ್ಸಿದೆ. ನಾವು ಮೂವರೂ ಅಲ್ಲಿಂದ ಇನ್ನೂ ಆರು ದಿನ, ಭೂಶಿರ ದಾಟಿ ಹೋಗುತ್ತೇವೆ. ಏರು ಜಾಸ್ತಿ, ನಿನ್ನ ಕಾಲಿಗೆ ಆಗಲ್ಲ. "ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಕಣೋ."

"ಯಾವಾಗ ಹೇಳೋರಿದ್ರಿ?"

"ಬಸ್ ಬಂದಾಗ."

"ಸರಿ. ಇದನ್ನ ನನ್ನ ಕೈಲೇ ಯಾಕೆ ಹೊಲಿಸಿದ್ರಿ?"

ಆಗ ಮೇಷ್ಟ್ರು ಆ ಕಡೆ ತಿರುಗಿಕೊಂಡೇ, "ಬೇರೆಯವರು ಹೊಲಿದ್ರೆ ಸೋರುತ್ತಲ್ಲೋ" ಎಂದರು.

ಅದು ನಿಜವಾದ ಮಾತು, ಅದಕ್ಕೇ ನನಗೆ ಕ್ಷಮಿಸಲಾಗುವುದಿಲ್ಲ. ಆಗಲೂ ಇನ್ನೊಂದು ಸುಳ್ಳು ಹೇಳಿದ್ದರೆ ಬೈದು ಸುಮ್ಮನಾಗಬಹುದಿತ್ತು. ಬೇಡವಾದದ್ದು ಅಣ್ಣ, ಅವನ ಹೊಲಿಗೆ ಮಾತ್ರ ಬೇಕು. ಬೆಳಗಿನವರೆಗೂ ಮಳೆ ಹೊಡೆಯಿತು. ಅಣ್ಣ ಆಗಾಗ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡುತ್ತಿದ್ದನಂತೆ. ಒಂದು ಹನಿ ಇಳಿಯಲಿಲ್ಲ. ಇಳಿಯಲಿ ಅಂತ ನೋಡಿದನೋ, ಇಳಿಯದಿರಲಿ ಅಂತಲೋ, ನಾನು ಕೇಳಲಿಲ್ಲ.

ಮೂರನೆಯ ದಿನ ಅವನು ಮುಂದೆ ನಡೆಯಲು ಒಪ್ಪಲಿಲ್ಲ. ಎಲ್ಲರಿಗಿಂತ ಹಿಂದೆ ನಡೆದ. ಒಂದೆರಡು ಸಲ ಅವರು ನಿಂತು ಕಾದರು, ಆಮೇಲೆ ಕಾಯಲಿಲ್ಲ. ಬಸ್ಸಿನ ಬಳಿ ಮೇಷ್ಟ್ರು ಸೀಳಿದ ಹಳೆಯ ಟೆಂಟನ್ನು ಅವನ ಕೈಗಿಟ್ಟು, "ಹೊಲಿದಿಟ್ಟಿರು, ಮುಂದಿನ ವರ್ಷಕ್ಕೆ ಬೇಕಾಗುತ್ತೆ" ಎಂದರಂತೆ. ನಾನಾಗಿದ್ದರೆ ಅದನ್ನು ಅವರ ಮುಖದ ಮೇಲೆ ಎಸೆಯುತ್ತಿದ್ದೆ. ಅಣ್ಣ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, "ಹೊಸದರ ಮೂಲೆ ಜೇಬಲ್ಲಿ ತೇಪೆ ಇದೆ, ಹರಿದ್ರೆ ಹಾಕ್ಕೊಳ್ಳಿ" ಎಂದು ಹೇಳಿ ಬಸ್ಸು ಹತ್ತಿದ. ಉಳಿದಿದ್ದ ಆರನೆಯ ಮಾತ್ರೆಯನ್ನು ಬಸ್ಸಿನಲ್ಲೇ ನುಂಗಿದ.

ಅದೇ ದಿನ ಮಧ್ಯಾಹ್ನ ಅತ್ತಿಗೆ ನನಗೆ ಫೋನ್ ಮಾಡಿ, "ಸಂಜೆ ಊಟಕ್ಕೆ ಬಾ, ನಿಮ್ಮಣ್ಣ ಬರ್ತಾರೆ" ಎಂದರು. ಇನ್ನೂ ಎರಡು ದಿನ ಇದೆಯಲ್ಲ ಅತ್ತಿಗೆ ಎಂದೆ. ಅವರು ಒಲೆ ಮೇಲೆ ಏನೋ ಇದೆ ಎಂದು ಫೋನ್ ಇಟ್ಟರು.

ನಾನು ಹೋಗಿ ಕೂತಿದ್ದಾಗ, ಐದೂವರೆಗೆ ಅಣ್ಣ ಬಾಗಿಲಲ್ಲಿ ನಿಂತ, ತಲೆಯಿಂದ ಕಾಲಿನವರೆಗೆ ಒದ್ದೆ. ಹೆಂಡತಿಗೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದನಂತೆ. ಅವನು ಬಾಯಿ ತೆರೆಯುವ ಮೊದಲೇ ಅತ್ತಿಗೆ, "ನೀರು ಕಾದಿದೆ, ಸ್ನಾನ ಮಾಡಿ" ಎಂದರು. ಅಣ್ಣ ಮೇಜಿನ ಮೇಲಿದ್ದ ಮೂರು ತಟ್ಟೆಗಳನ್ನು ನೋಡಿದ.

"ನಾನು ಇವತ್ತು ಬರ್ತೀನಿ ಅಂತ ನಿಂಗೆ ಹೇಗೆ ಗೊತ್ತು?"

"ಮೇಷ್ಟ್ರು ಹೇಳಿದ್ರು."

"ಯಾವಾಗ?"

"ಬಟ್ಟೆ ತಂದ್ರಲ್ಲ, ಅವತ್ತೇ. ನಿಮ್ಮ ಕಾಲಿನ ಚಿಂತೆ ನಂಗೂ ಇತ್ತು, ಅದಕ್ಕೇ ಸುಮ್ನಿದ್ದೆ."

ಅಣ್ಣ ಪಡಸಾಲೆಯ ನೆಲದ ಕಡೆ ನೋಡಿದ. "ಹಾಗಾದ್ರೆ ನಾನು ಇಲ್ಲಿ ಕತ್ತರಿಸ್ತಿದ್ದಾಗ..."

"ಗಟ್ಟಿಯಾಗಿ ಹಿಡ್ಕೋ ಅಂದ್ರಿ" ಎಂದರು ಅತ್ತಿಗೆ. "ಹಿಡ್ಕೊಂಡೆ."

ಅಣ್ಣ ಅರ್ಧ ಬಿಚ್ಚಿದ್ದ ಬೂಟಿನ ಲೇಸನ್ನು ಮತ್ತೆ ಕಟ್ಟಿಕೊಂಡ. ಆಮೇಲೆ ಅತ್ತಿಗೆಯ ಕಡೆ ನೋಡದೆ ನನ್ನ ಮುಂದೆ ಕೈ ಚಾಚಿ, ಹೊರಡುವಾಗ ನನ್ನ ಹತ್ತಿರ ಬಿಟ್ಟುಹೋಗಿದ್ದ ಅಂಗಡಿಯ ಬೀಗದ ಕೈ ಕೇಳಿದ.