ಇಳಿಯದೆ ನೋಡಿದ ಕಮಾಕುರ

ಅಮೆರಿಕದ ಪಶ್ಚಿಮ ದಂಡೆಯ ಮುಕಿಲ್ಟಿಯೊದಲ್ಲಿ, ಕಾರುಗಳನ್ನೂ ದ್ವೀಪಕ್ಕೆ ದಾಟಿಸುವ ಫೆರಿಗಾಗಿ ಕಾರಿನ ಸಾಲಿನಲ್ಲಿ ಕಾಯುತ್ತಿದ್ದೆ. ಕಿಟಕಿ ಇಳಿಸಿದೊಡನೆ ಕಡಲಪಾಚಿಯ ವಾಸನೆ ಬಂತು. ಅದರ ಹಿಂದೆಯೇ ದಂಡೆಗುಂಟ ರೈಲೊಂದು ಹಾದುಹೋಯಿತು. ನನ್ನನ್ನು ಕೇಳದೆಯೇ ಮನಸ್ಸು ಜಪಾನಿಗೆ ಹೋಗಿ ಕೂತಿತು.

ಆಫೀಸಿನ ಕೆಲಸಕ್ಕೆಂದು ನಾನು ಟೋಕಿಯೊಗೆ ಹೋದಾಗ ಧಾರವಾಡದ ಅಕ್ಕನೂ ಅಲ್ಲಿದ್ದಳು, ಮಗಳ ಬಾಣಂತನಕ್ಕೆ. ಅವಳಿಗೆ ಅಮೆರಿಕದ ವೀಸಾ ಸಿಕ್ಕಿರಲಿಲ್ಲ, ನನಗೆ ಊರಿಗೆ ಹೋಗುವಷ್ಟು ರಜೆ ಸಿಕ್ಕಿರಲಿಲ್ಲ. ಅವ್ವ ತೀರಿಕೊಂಡಾಗಲೂ ನನಗೆ ಹೋಗಲಾಗಿರಲಿಲ್ಲ. ಫೋನಿನಲ್ಲಿ ಅತ್ತಿದ್ದೇ ಬಂತು.

ನಮಗೆ ಸಿಕ್ಕ ಒಂದೇ ಒಂದು ಬಿಡುವಿನ ದಿನ ಅಕ್ಕನ ಮಗಳು ನಮ್ಮಿಬ್ಬರನ್ನೂ ಕಮಾಕುರಕ್ಕೆ ಕಳಿಸಿದಳು. ಸಮುದ್ರದಂಚಿನ ಹಳೆಯ ಪಟ್ಟಣ. ದೊಡ್ಡ ಬುದ್ಧ, ಪುರಾತನ ದೇಗುಲಗಳು. ಅಲ್ಲಿಯ ಲೋಕಲ್ ರೈಲು ಆಟಿಕೆಯಷ್ಟು ಪುಟ್ಟದು. ಮನೆಗಳ ಹಿತ್ತಿಲುಗಳ ನಡುವೆ ನುಸುಳುತ್ತದೆ. ಕೈಚಾಚಿದರೆ ಒಣಹಾಕಿದ ಬಟ್ಟೆ ಸಿಕ್ಕೀತು ಅನ್ನುವಷ್ಟು ಹತ್ತಿರ. ಆಮೇಲೆ ಇದ್ದಕ್ಕಿದ್ದಂತೆ ಕಿಟಕಿ ತುಂಬ ಕಡಲು.

ಅಕ್ಕ ಅವ್ವನ ಕೊನೆಯ ದಿನಗಳ ಮಾತು ತೆಗೆದಳು. ಅಷ್ಟರಲ್ಲಿ ಬುದ್ಧನ ನಿಲ್ದಾಣ ಬಂತು. ನಡೆಯಲಿಕ್ಕೆಂದೇ ಕೊಂಡಿದ್ದ ಹೊಸ ಬೂಟು ಹಾಕಿಕೊಂಡ ನಾನು ಉತ್ಸಾಹದಿಂದ ಎದ್ದೆ. ಅವಳು ನನ್ನ ಕೋಟಿನ ತುದಿ ಹಿಡಿದಳು.

"ಇಳಿಯೂದು ಬ್ಯಾಡ. ಇಳಿದ್ರ ನೀ ಫೋಟೊ ತೆಗೀತಿ, ನಾ ಕೈ ಮುಗೀತೀನಿ. ಮಾತು ಅಲ್ಲೇ ನಿಲ್ತದ."

ಕೂತೆ. ರೈಲು ಕೊನೆಯ ನಿಲ್ದಾಣ ಮುಟ್ಟಿತು, ಅದರಲ್ಲೇ ಹಿಂತಿರುಗಿದೆವು. ಮತ್ತೆ ಹೋದೆವು, ಮತ್ತೆ ಬಂದೆವು. ನೀವು ನಗಬಹುದು. ಬಿಸಿಲು ಓರೆಯಾಗುವವರೆಗೆ ನಾವು ಆ ಊರನ್ನು ಕನಸಿನೊಳಗಿಂದ ನೋಡಿದ ಹಾಗೆ ನೋಡಿದೆವು.

ಎಷ್ಟನೆಯ ಸಲವೋ ಕಡಲು ಬಂದಾಗ ಅಕ್ಕ ಹೊರಗೆ ನೋಡುತ್ತಲೇ ಅಂದಳು: "ಕಡೀಕ ಅವ್ವ ನನ್ನ ಗುರುತು ಹಿಡೀಲಿಲ್ಲ. ನಿನ್ನ ಹೆಸರ್ಲೆ ಕರೀತಿದ್ಲು. ನಾ 'ಓ' ಅಂತಿದ್ದೆ."

ಅವ್ವ ನನ್ನನ್ನು ಕಾಣದೆ ಹೋದಳೆಂದು ನಾನು ಕೊರಗಿದ್ದೆ. ಪಕ್ಕದಲ್ಲೇ ಇದ್ದವಳನ್ನೂ ಕಾಣದೆ ಹೋಗಿದ್ದಳು. ಅಕ್ಕನ ಕೈ ಹಿಡಿದುಕೊಂಡೆ. ರೈಲು ಮತ್ತೆ ಮನೆಗಳ ನಡುವೆ ಹೊಕ್ಕಿತು. ಬುದ್ಧನನ್ನು ನೋಡದೆ ಬಂದೆವೆಂದು ಸಂಜೆ ಅವಳ ಮಗಳು ಬೈದಳು.

ಹಿಂದಿನ ಕಾರಿನವನು ಹಾರ್ನ್ ಮಾಡಿದ. ಮುಂದಿನ ಸಾಲು ಫೆರಿ ಏರುತ್ತಿತ್ತು. ನಾನು ಕಾರನ್ನು ಪಕ್ಕಕ್ಕೆ ತಿರುಗಿಸಿ ಸಾಲಿನಿಂದ ಹೊರಬಂದೆ. ದ್ವೀಪದಲ್ಲಿ ಊಟಕ್ಕೆ ಕರೆದಿದ್ದ ಗೆಳತಿಗೆ ತಡವಾಗುತ್ತದೆಂದು ಮೆಸೇಜ್ ಹಾಕಿ, ಧಾರವಾಡಕ್ಕೆ ಕಾಲ್ ಮಾಡಿದೆ. ಅಲ್ಲಿ ಬೆಳಗಾಗಿತ್ತು.

ಏನಾಯಿತೆಂದು ಅಕ್ಕ ಗಾಬರಿಯಲ್ಲಿ ಕೇಳಿದಳು. ಏನಿಲ್ಲ, ಸುಮ್ಮನೆ, ಅಂದೆ.

"ಹಂಗಾರ ತಡಿ," ಅಂದಳು, "ಗ್ಯಾಸ್ ಆರಿಸಿ ಬರ್ತೀನಿ."