ಅವ್ವನ ಎಡ ಅಂಗೈ

ನನ್ನ ಹತ್ತಿರ ಬರುವ ರೋಗಿಗಳಲ್ಲಿ ಮುಕ್ಕಾಲು ಜನ ನಡೆಯುವುದಿಲ್ಲ, ನಡೆದು ತೋರಿಸುತ್ತಾರೆ. "ಆ ಗೋಡೆಯವರೆಗೆ ಹೋಗಿ ಬರ್ರಿ" ಅಂದರೆ ಸಾಕು, ಮೆರವಣಿಗೆ ಹೊರಟವರ ಹಾಗೆ ಎದೆ ಉಬ್ಬಿಸಿ ಹೊರಡುತ್ತಾರೆ. ಕೆಲವರದು ಇದರ ಉಲ್ಟಾ: ಮೆಟ್ಟಿಲು ಚೆನ್ನಾಗಿಯೇ ಹತ್ತಿ ಬಂದವರು ನನ್ನ ಮುಖ ಕಂಡ ತಕ್ಷಣ ಸೊಂಟ ಹಿಡಿದುಕೊಂಡು ನರಳುತ್ತಾರೆ. ಈ ನಾಟಕ ಎರಡೂ ನನಗೆ ಬೇಡ. ಆದ್ದರಿಂದ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನನ್ನ ಕ್ಲಿನಿಕ್ಕಿನಲ್ಲಿ ನಾನು ಕಿಟಕಿಯ ಪಕ್ಕ ಕೂರುತ್ತೇನೆ. ಸ್ಕೂಟರಿನಿಂದ ಯಾವ ಕಾಲು ಮೊದಲು ಇಳಿಯಿತು, ಗೇಟು ತೆಗೆಯಲು ಯಾವ ಕೈ ಮುಂದೆ ಬಂತು, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಯಾವ ಬದಿಗೆ ಸವೆದಿದೆ, ಇವೆಲ್ಲ ಅವರು ಒಳಗೆ ಬಂದು ಹೇಳುವ ಕಥೆಗಿಂತ ಉಪಯೋಗಕ್ಕೆ ಬರುತ್ತವೆ. ಫಿಜಿಯೋಥೆರಪಿ ಇಷ್ಟು ಓದಿ, ಇಷ್ಟು ವರ್ಷ ನೋಡಿ, ಊರಿನವರ ಬಾಯಲ್ಲಿ ಮಾತ್ರ ನಾನು ಇವತ್ತಿಗೂ "ಮಸಾಜ್ ಮೇಡಂ".

ಹರಿಹರದ ಆ ಮನೆಗೆ ನನ್ನನ್ನು ಕರೆಸಿದ್ದೂ ಹಾಗೆಯೇ. "ನಮ್ಮವ್ವಂಗೆ ಎಡಗೈ ಬಿದ್ದೋಗೈತ್ರಿ. ಸ್ವಲ್ಪ ತಿಕ್ಕಿ, ಕರೆಂಟ್ ಇಟ್ಟು ಹೋಗ್ರಿ" ಎಂದು ಮಗ ಫೋನಿನಲ್ಲಿ ಅಪ್ಪಣೆ ಮಾಡಿದ್ದ. ಅವನದು ದಾವಣಗೆರೆಯಲ್ಲಿ ಬಟ್ಟೆ ಅಂಗಡಿ. ಅವ್ವನಿಗೆ ಲಕ್ವ ಹೊಡೆದು, ಆಸ್ಪತ್ರೆಯಿಂದ ಮನೆಗೆ ಬಂದು ಕೆಲವು ವಾರಗಳಾಗಿದ್ದವು. ಮಾತು ಸ್ವಚ್ಛವಾಗಿತ್ತು. ಕಾಲು ಎಳೆದುಕೊಂಡಾದರೂ ನಡೆಯುತ್ತಿದ್ದಳು. ಎಡಗೈ ಮಾತ್ರ ಎದೆಗೆ ಮಡಚಿಕೊಂಡು, ಮುಷ್ಟಿ ಬಿಗಿದು, ಅಂಗೈ ಕೆಳಮುಖವಾಗಿ ನಿಂತುಬಿಟ್ಟಿತ್ತು.

"ನಿಮಗೇನಾಗಬೇಕು?" ಎಂದು ನಾನು ಕೇಳಿದ್ದು ಅವ್ವನನ್ನು. ಉತ್ತರ ಕೊಟ್ಟವನು ಮಗ: "ಮೊದಲಿನಂಗೆ ಆಗ್ಬೇಕ್ರಿ."

ಅವ್ವ ಅವನ ಕಡೆ ನೋಡಲೂ ಇಲ್ಲ. "ಲಿಂಗ ಹಿಡೀಬೇಕವ್ವಾ," ಅಂದಳು. "ನನ್ ಕೈಯಾಗ ನಾನೇ ಹಿಡೀಬೇಕು. ಇವನು ಹಿಡಿಸಿದ್ದು ಪೂಜೆ ಅಲ್ಲ."

ಸ್ನಾನ ಮಾಡಿ, ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿ, ಆಮೇಲೆಯೇ ಬಾಯಿಗೆ ನೀರು. ಮದುವೆಗೂ ಮುಂಚಿನಿಂದ ಅವಳು ಬಿಡದೆ ನಡೆಸಿಕೊಂಡು ಬಂದದ್ದು. ಈಗ ಮಗ ಅವಳ ಮುಷ್ಟಿ ಬಿಡಿಸಿ, ತನ್ನ ಕೈ ಅಡಿಗಿಟ್ಟು, ಲಿಂಗ ಇಟ್ಟು, ವಿಭೂತಿ ಹಚ್ಚಿ, ಗಡಿಬಿಡಿಯಲ್ಲಿ ಮುಗಿಸಿ ಅಂಗಡಿಗೆ ಓಡುತ್ತಿದ್ದ. ಅದರ ವಿಡಿಯೋ ಮನೆತನದ ಗ್ರೂಪಿಗೆ ಹೋಗುತ್ತಿತ್ತು. ಅತ್ತೆ, ಮಾವ, ಷಡ್ಡಕರೆಲ್ಲ ಕೈಮುಗಿದ ಚಿತ್ರ ಕಳಿಸುತ್ತಿದ್ದರು. ನನಗೂ ಹೆಮ್ಮೆಯಿಂದ ತೋರಿಸಿದ: "ನೋಡ್ರಿ ಮೇಡಂ, ಕೈ ಹೆಂಗೆ ಎತ್ತ್ಯಾಳೆ!" ಎತ್ತಿದ್ದು ಅವನು. ಅವ್ವನ ಕೈ ಅವನ ಅಂಗಡಿಯಲ್ಲಿ ಸೀರೆ ಉಡಿಸಿ ನಿಲ್ಲಿಸಿದ ಗೊಂಬೆಯ ಕೈಯಂತಿತ್ತು.

ನಾನು ವ್ಯಾಯಾಮಕ್ಕೆ ಕೂರಿಸಿದೆ. "ಅಂಗೈ ಮೇಲೆ ಮಾಡ್ರಿ" ಅಂದರೆ ಅವ್ವ ಹೆಗಲನ್ನು ಕಿವಿಯವರೆಗೆ ಎತ್ತುತ್ತಿದ್ದಳು. ಮೈಯೆಲ್ಲ ಬಲಕ್ಕೆ ವಾಲುತ್ತಿತ್ತು, ಅಂಗೈ ಇದ್ದಲ್ಲೇ ಇರುತ್ತಿತ್ತು. ಮೈ ಹೀಗೆ ಕಳ್ಳದಾರಿ ಹುಡುಕುವುದನ್ನು ನಾವು ದಿನಾ ನೋಡುತ್ತೇವೆ. ಮಾಡಬೇಕಾದ ಸ್ನಾಯು ಸುಮ್ಮನಿರುತ್ತದೆ, ಅದರ ಕೆಲಸಕ್ಕೆ ಪಕ್ಕದ್ದು ಮೂಗು ತೂರಿಸುತ್ತದೆ. ಮಗ ಹಿಂದೆ ನಿಂತು "ಬಂತು ಬಂತು, ಭಾರಿ ಬಂತು" ಎಂದು ಚಪ್ಪಾಳೆ ತಟ್ಟುತ್ತಿದ್ದ. ಏನೂ ಬಂದಿರಲಿಲ್ಲ. ದಾವಣಗೆರೆಯಲ್ಲಿ ಯಾರಿಗೋ ದೊಡ್ಡ ಮಷಿನ್ ಇಟ್ಟು ಗುಣ ಮಾಡಿದರಂತೆ, ನಾನು ಯಾಕೆ ತರುವುದಿಲ್ಲ ಎಂದು ಬೇರೆ ಕೇಳಿದ. ಕಣ್ಣಿಟ್ಟು ನೋಡುವುದೂ ಒಂದು ಕೆಲಸ ಎಂದು ಇಂಥವರಿಗೆ ಹೇಳಿ ಪ್ರಯೋಜನವಿಲ್ಲ. ದೀಪ ಮಿನುಗಬೇಕು, ಪೆಟ್ಟಿಗೆ ಗುಂಯ್ ಅನ್ನಬೇಕು, ಆಗಲೇ ಅದು ಚಿಕಿತ್ಸೆ.

ಒಂದು ಬೆಳಿಗ್ಗೆ ವಿದ್ಯಾನಗರದ ನನ್ನ ಮನೆಯಿಂದ ಬೇಗ ಹೊರಟು ಪೂಜೆಯ ಹೊತ್ತಿಗೇ ಹೋದೆ. ಮೂಲೆಯಲ್ಲಿ ಕೂತು ಅವ್ವನ ಮುಂಗೈಯನ್ನಷ್ಟೇ ನೋಡಿದೆ. ಮಗ ಬೆಳ್ಳಿಯ ಕರಡಿಗೆ ತೆರೆದು ಲಿಂಗ ಹೊರತೆಗೆದ. ಅವ್ವನ ಕಣ್ಣು ಅದರ ಮೇಲೆ ನಿಂತಿತು. ಅಂಗೈ ಮೇಲೆ ಮಾಡು ಎಂದು ಯಾರೂ ಹೇಳಲಿಲ್ಲ. ಹೆಗಲು ಏಳಲಿಲ್ಲ, ಮೈ ವಾಲಲಿಲ್ಲ. ಹೆಬ್ಬೆರಳು ಮುಷ್ಟಿಯಿಂದ ಹೊರಬಂತು, ಮುಂಗೈ ಒಂದು ಚೂರು ಹೊರಳಿತು. ಅಷ್ಟರಲ್ಲಿ ಮಗ ಗಬಕ್ಕನೆ ಮಣಿಕಟ್ಟು ಹಿಡಿದ. ಕೈ ಮತ್ತೆ ಕಟ್ಟಿಗೆಯಾಯಿತು. ಮರುದಿನವೂ ಇದೇ ಕಥೆ. ಕೈ ತಾನಾಗಿ ಹೊರಡುತ್ತಿತ್ತು, ಅವನು ಅಡ್ಡ ಬರುತ್ತಿದ್ದ.

"ನೀವು ಒಂದು ಗಳಿಗೆ ತಡೀರಿ," ಎಂದು ಅವನಿಗೆ ಹೇಳಿದೆ. "ಅವರ ಕೈ ತಾನೇ ಹೊರಳ್ತೈತೆ."

"ಲಿಂಗ ಕೆಳಗೆ ಬಿದ್ರೆ ಯಾರ್ರೀ ಹೊಣೆ? ನೀವೇನು, ಬಸ್ ಹತ್ತಿ ಹೋಗ್ತೀರಿ. ಬಲಗೈ ನೆಟ್ಟಗೈತಲ್ಲ, ಅಷ್ಟು ಸಾಕು ಬಿಡ್ರಿ."

ಅಂಥ ಮನೆಗಳಲ್ಲಿ ಲಿಂಗ ನೆಲಕ್ಕೆ ಬೀಳುವುದು ಸಣ್ಣ ಮಾತಲ್ಲ, ಅದು ನನಗೂ ಗೊತ್ತು. ಆದರೆ ಪಂಚೆಯುಟ್ಟು ಬರಿಮೈಯಲ್ಲಿ ನಿಂತು ಈ ಮಾತು ಹೇಳುತ್ತಿದ್ದವನ ಕೊರಳನ್ನೂ ನಾನು ನೋಡಿದೆ. ನೋಡುವುದು ನನ್ನ ಚಟ. ದಪ್ಪನೆಯ ಚಿನ್ನದ ಸರ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಮೈ ಉರಿದು ಹೋಯಿತು.

ಅವನು ಅಂಗಡಿಗೆ ಹೋದ ಮೇಲೆ ಅವ್ವ, ನಾನು ಬೇರೆಯೇ ಕೆಲಸ ಶುರು ಮಾಡಿದೆವು. ಮೊಣಕೈ ಕೆಳಗೆ ದಿಂಬು, ತೊಡೆಯ ಮೇಲೆ ಮಡಚಿದ ಕಂಬಳಿ, ಲಿಂಗದ ಬದಲು ವಿಭೂತಿ ಗಟ್ಟಿ. ನಾನು ಅದನ್ನು ಅವ್ವನ ಕಣ್ಣೆದುರು ಹಿಡಿದು ಕಾಯುತ್ತಿದ್ದೆ, ಅವಳ ಕೈ ಮುಟ್ಟುತ್ತಿರಲಿಲ್ಲ. ಅಂಗೈ ಅರ್ಧ ತಿರುಗುತ್ತಿತ್ತು, ಗಟ್ಟಿ ಉರುಳಿ ಒಡೆಯುತ್ತಿತ್ತು, ಕಂಬಳಿಯೆಲ್ಲ ಬೂದಿ. "ಇನ್ನೊಂದು ಕೊಡು," ಅನ್ನುತ್ತಿದ್ದಳು. ಬೇಸರವಾದ ದಿನ ತನ್ನ ಕೈಯನ್ನೇ ಬೈಯುತ್ತಿದ್ದಳು: "ಏಳು ಮುಂಡೇದೇ, ಎಷ್ಟು ದಿನ ಮಲಗ್ತೀ?" ಆ ಮನೆಯಲ್ಲಿ ನನಗೆ ಹಿಡಿಸಿದ ಮಾತು ಇದೊಂದೇ. ಹೀಗೇ ನಡೆದು, ಕೊನೆಗೆ ಗಟ್ಟಿ ಅಂಗೈಯಲ್ಲಿ ನಿಲ್ಲತೊಡಗಿತು.

ಆಮೇಲೊಂದು ಬೆಳಿಗ್ಗೆ ಅವ್ವನೇ ಮಗನಿಗೆ ಹೇಳಿದಳು: "ಇವತ್ತು ನಾನೇ." ತೊಡೆಯ ಮೇಲೆ ಮಡಿಬಟ್ಟೆ ಹಾಸಿದ್ದೆವು. ಬಲಗೈಯಿಂದ ತಾನೇ ಲಿಂಗ ತೆಗೆದಳು. ಎಡ ಮುಂಗೈ ನಿಧಾನವಾಗಿ ಹೊರಳಿತು, ಬೆರಳುಗಳು ಒಂದೊಂದೇ ಬಿಡಿಸಿಕೊಂಡವು, ಲಿಂಗ ಅಂಗೈಯಲ್ಲಿ ಕೂತಿತು. ಕೈ ನಡುಗುತ್ತಿತ್ತು. ಮಗನಿಗೆ ತಡೆಯಲಾಗಲಿಲ್ಲ, ತನ್ನ ಕೈಯನ್ನು ಅವ್ವನ ಕೈಯ ಅಡಿಗೆ ತೂರಿಸಿದ. ಇನ್ನೊಂದು ಕೈಯಲ್ಲಿ ಫೋನು ಆಗಲೇ ಮೇಲೆದ್ದಿತ್ತು.

ಅವ್ವ ಲಿಂಗದ ಮೇಲಿನ ಕಣ್ಣು ಕದಲಿಸಲಿಲ್ಲ. "ಕೈ ತಗಿ," ಅಂದಳು.

"ಬೀಳ್ತೈತೆ ಅವ್ವಾ."

"ಬಿದ್ರೆ ನನ್ ಮಡಿಲಾಗ ಬೀಳ್ತೈತೆ. ನಿಂದು ಎಲ್ಲೈತೋ? ತಿಜೋರಿಯಾಗ ಐತೋ, ಕಳಕೊಂಡೀಯೋ? ಮೊದ್ಲು ಅದನ್ನ ಹುಡುಕ್ಕೋ ಹೋಗು. ನನ್ ಕೈ ಬಿಡು."

ಅವನು ಕೈ ತೆಗೆದ. ಫೋನು ಕೆಳಗಿಟ್ಟ. ಎರಡೂ ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಸೇರಿಸಿಕೊಂಡು ಕೂತ. ಅವ್ವ ವಿಭೂತಿ ಹಚ್ಚಿದಳು, ಪತ್ರೆ ಏರಿಸಿದಳು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಲಿಂಗ ನೋಡುತ್ತ ಕೂತಳು. ಅವನಿಗೆ ಅಂಗಡಿಗೆ ಹೊತ್ತಾಯಿತು. ಏಳುವ ಧೈರ್ಯ ಮಾಡಲಿಲ್ಲ.