ಒಂದೇ ಕೈಗೆ ಹಾಲು ಕೊಡುವ ಯಂತ್ರ

ಬೆಳಗಾವಿಯಲ್ಲಿರುವ ನನ್ನ ಅಕ್ಕನಿಗೆ ಮೊಣಕಾಲಿನ ಆಪರೇಶನ್ ಆಗಿದೆ. "ಹತ್ತು ದಿನ ಬಂದು ಇದ್ದು ಹೋಗು" ಎಂದು ಫೋನಿನಲ್ಲಿ ಕೇಳಿದಳು. ನಾನು ಎರಡೇ ದಿನಕ್ಕೆ ಒಪ್ಪಿಕೊಂಡೆ. ಮನೆ ಬಿಟ್ಟು ಹೆಚ್ಚು ದಿನ ಇರುವುದು ನನ್ನಿಂದಾಗದು. ನಗಬೇಡಿ, ನಮ್ಮ ಮನೆಯ ವಾಷಿಂಗ್ ಮಷೀನು ನನ್ನೊಬ್ಬಳ ಮಾತನ್ನಷ್ಟೇ ಕೇಳುತ್ತದೆ. ಎರಡು ದಿನದ ಬಟ್ಟೆಗೆ ಸಾಕಾಗುವ ಸಣ್ಣ ಚೀಲ ಹುಡುಕುತ್ತ ಅಟ್ಟಕ್ಕೆ ಕೈಹಾಕಿದರೆ, ದಿಂಬಿನ ಹಳೆಯ ಗವಸಿನಲ್ಲಿ ಸುತ್ತಿಟ್ಟ ಭಾರದ್ದೊಂದು ಸಿಕ್ಕಿತು. ಬಿಚ್ಚುವ ಮೊದಲೇ ಗೊತ್ತಾಯಿತು, ನಮ್ಮ ವಿಸಿಆರ್. ಧೂಳು ಒರೆಸಿದೆ. ಒಂದು ಗುಂಡಿಯ ಮೇಲೆ ಹಣೆಗೆ ಹಚ್ಚುವ ಕೆಂಪು ಟಿಕಳಿ, ಪಕ್ಕದ್ದರ ಮೇಲೆ ಹಸಿರು ಟಿಕಳಿ. ಅಂಚು ಎದ್ದಿದ್ದರೂ ಎರಡೂ ಬಿದ್ದಿರಲಿಲ್ಲ.

ಅದು ಉಗಾರ ಖುರ್ದದ ಈ ಮನೆಗೆ ಬಂದದ್ದು ನನ್ನ ಮದುವೆಯ ಎರಡನೆಯ ವರ್ಷ, ಎಂಬತ್ತರ ದಶಕದ ಕೊನೆಗೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡುವುದು, ಸದ್ದಾಗದಂತೆ ಬಾಗಿಲು ಮುಚ್ಚುವುದು, ಸೀನುವಾಗ ಮುಖ ತಿರುಗಿಸುವುದು, ಇವೆಲ್ಲ ನನಗೆ ಚೆನ್ನಾಗಿ ಬರುತ್ತಿದ್ದವು. ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಹಾಲು ಹಿಂಡುವ ಮಾತಂತೂ ಕೇಳಲೇಬೇಡಿ. ಉದ್ದ ಕೋಡಿನ ಪಂಢರಪುರಿ ಎಮ್ಮೆ ಚಂದ್ರಿ ನನ್ನ ಬಳೆಯ ಸದ್ದು ಕೇಳಿದರೆ ಸಾಕು, ಬಾಲ ಬೀಸಿ ನನ್ನ ಮುಖಕ್ಕೇ ಹೊಡೆಯುತ್ತಿದ್ದಳು. ನನ್ನ ಅತ್ತೆಯ ಕೈ ಬಿಟ್ಟರೆ ಬೇರೆ ಯಾರಿಗೂ ಅವಳು ಹಾಲು ಬಿಟ್ಟವಳಲ್ಲ. ಇಂಥ ಮನೆಯಲ್ಲಿ ನನ್ನ ಇಂಗ್ಲಿಷು ಕೆಮ್ಮಿನ ಔಷಧದ ಬಾಟಲಿ ಓದುವುದಕ್ಕಷ್ಟೇ ಉಪಯೋಗಕ್ಕೆ ಬರುತ್ತಿತ್ತು.

ಒಂದು ದಿನ ಸಕ್ಕರೆ ಕಾರ್ಖಾನೆಯ ಕೆಲಸ ಮುಗಿಸಿ ಮಿರಜಕ್ಕೆ ಹೋಗಿದ್ದ ನಮ್ಮವರು ಒಂದು ಪೆಟ್ಟಿಗೆ ಹೊತ್ತು ಬಂದರು. ಅಂಗಡಿಯಲ್ಲಿದ್ದ ವಿಸಿಆರ್‌ಗಳಲ್ಲೆಲ್ಲ ಅಗ್ಗದ್ದು. ಊರಿನ ಒಂದೆರಡು ಮನೆಗಳಲ್ಲಿ ಕ್ಯಾಸೆಟ್ ಹಾಕಿ ನೋಡುವ ಯಂತ್ರವಿತ್ತು. ಇದು ಟಿವಿಯಲ್ಲಿ ಬಂದದ್ದನ್ನು ಹಿಡಿದೂ ಇಡುತ್ತಿತ್ತು.

"ಎಂಟ ದಿನ ಇಟಗೊಂಡ ನೋಡ್ರಿ, ಬ್ಯಾಡಾದ್ರ ತಿರಗಿ ತರ್ರಿ ಅಂದಾನವ್ವಾ ಅಂಗಡ್ಯಾಂವ" ಎಂದು ಇವರು ಅತ್ತೆಯ ಮುಖ ನೋಡಿದರು.

"ಮತ್ತ? ಎಮ್ಮಿ ತರೂ ಮುಂದ ಎರಡ ಹೊತ್ತಿನ ಹಾಲ ಹಿಂಡಿ ನೋಡೂದಿಲ್ಲೇನ? ಇದನೂ ಹಂಗ ನೋಡೂಣು."

ಸಂತೆಯಲ್ಲಿ ದನ ನೋಡುವವರು ಹೇಗೋ ಹಾಗೆಯೇ ಅತ್ತೆ ಅದರ ಸುತ್ತ ಒಂದು ಸುತ್ತು ಬಂದರು. ಬೆನ್ನು ಸವರಿದರು. ಕ್ಯಾಸೆಟ್ ಹಾಕುವ ಬಾಯಿಯನ್ನು ಬೆರಳಿನಿಂದ ತೆರೆದು ಇಣುಕಿದರು. ಚಾಲೂ ಮಾಡಿದಾಗ ಕಿವಿಯಿಟ್ಟು ಕೇಳಿ, "ಉಸರ ಸಣ್ಣಗ ಆಡತೈತಿ, ಚಲೋ" ಎಂದರು. ಆಮೇಲೆ ಅದರ ಜೊತೆ ಬಂದಿದ್ದ ಇಂಗ್ಲಿಷಿನ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದರು. "ತಗೋ ಸಾಲಿ ಕಲ್ತಾಕಿ. ಎಂಟ ದಿನ ಇದ ನಿನ್ನ ದಗದ."

ಆ ಎಂಟು ದಿನ ನಾನು ಈ ಮನೆಯಲ್ಲಿ ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿ ನಡೆದೆ. ಯಂತ್ರವೇನೂ ಸಾಧುವಾಗಿರಲಿಲ್ಲ. ಚಿತ್ರದ ಕೆಳಗೆ ಗೆರೆಗಳು ಕುಣಿಯುತ್ತಿದ್ದವು, ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುವಿದರೆ ಸುಮ್ಮನಾಗುತ್ತಿದ್ದವು. ತಾನೇ ಹೊತ್ತು ನೋಡಿ ಚಾಲೂ ಆಗುತ್ತದೆಂದು ಪುಸ್ತಕದಲ್ಲಿತ್ತು, ಆದರೆ ಕರೆಂಟು ಹೋದಾಗಲೆಲ್ಲ ಅದರ ಗಡಿಯಾರ ಎಲ್ಲವನ್ನೂ ಮರೆತು ಬರೀ ಸೊನ್ನೆಗಳನ್ನು ಮಿಟುಕಿಸುತ್ತಿತ್ತು. ನಮ್ಮಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲವಾದರೂ ಹೋಗುತ್ತಿತ್ತು. ಹಾಗಾಗಿ ರೆಕಾರ್ಡ್ ಮಾಡಬೇಕೆಂದರೆ ಯಾರಾದರೂ ಪಕ್ಕದಲ್ಲಿ ಕುಳಿತು ಎರಡು ಗುಂಡಿಗಳನ್ನು ಒಟ್ಟಿಗೇ ಒತ್ತಬೇಕು. ಇಷ್ಟೇ ಸಂಗತಿ. ಈ ಇಷ್ಟನ್ನು ನಾನು ಯಾರಿಗೂ ಹೇಳಲಿಲ್ಲ! ಒತ್ತುವ ಮುಂಚೆ ಪುಸ್ತಕದ ಒಂದು ಪುಟ ತೆರೆದು, ಹುಬ್ಬು ಗಂಟಿಕ್ಕಿ, ತುಟಿಯಲ್ಲೇ ಏನೋ ಓದಿಕೊಂಡು ಆಮೇಲೆ ಒತ್ತುತ್ತಿದ್ದೆ. ಪುಸ್ತಕವನ್ನು ಸೀರೆಗಳ ಕೆಳಗೆ ಇಡುತ್ತಿದ್ದೆ.

ಅತ್ತೆಗೆ ಸಿನಿಮಾ ಎಂದರೆ ಜೀವ. ಆದರೆ ಒಂದರ ಕೊನೆಯನ್ನೂ ಅವರು ನೋಡಿರಲಿಲ್ಲ. ರವಿವಾರ ಸಂಜೆಯ ಸಿನಿಮಾ ಬಿಸಿಯೇರುವ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಭೋಂಗಾ ಕೂಗುತ್ತಿತ್ತು, ಕೊಟ್ಟಿಗೆಯಿಂದ ಚಂದ್ರಿ ದನಿಗೂಡಿಸುತ್ತಿದ್ದಳು. ಹಿಂಡಿ, ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಕೊನೆ ಏನಾಯಿತೆಂದು ಅವರು ನಮ್ಮನ್ನು ಕೇಳುತ್ತಲೂ ಇರಲಿಲ್ಲ. ಡೇರಿಯ ಪಾಳಿಯಲ್ಲಿ ನಿಂತೇ ತಾವೊಂದು ಕೊನೆ ಕಟ್ಟಿ ಉಳಿದ ಹೆಂಗಸರಿಗೆ ಹೇಳಿಬಿಡುತ್ತಿದ್ದರು.

ಆ ರವಿವಾರ ನಾನು ಕೊನೆಯ ಭಾಗವನ್ನು ಹಿಡಿದಿಟ್ಟೆ. ಡೇರಿಯಿಂದ ಬಂದ ಅತ್ತೆಯನ್ನು ಕೂರಿಸಿ ತೋರಿಸಿದೆ. ದುಷ್ಟ ಸಾಹುಕಾರ ಕೈಮುಗಿದ, ಎಲ್ಲರೂ ಅತ್ತರು, ಎಲ್ಲರೂ ಕ್ಷಮಿಸಿದರು.

"ಇಷ್ಟನ?" ಎಂದರು ಅತ್ತೆ. "ನಾ ಅವನ್ನ ಗೂಳಿ ಕಡಿಂದ ಗುದ್ದಿಸಿದ್ದೆ. ನಂದ ಚಲೋ ಇತ್ತ ಬಿಡ."

ಆದರೂ ಎರಡು ಸಲ ನೋಡಿದರು. ಯಂತ್ರ ಉಳಿಯಿತು, ನನ್ನ ಜಾಗವೂ ಗಟ್ಟಿಯಾಯಿತು ಅಂದುಕೊಂಡೆ. ಎಂಟನೆಯ ದಿನ ಬೆಳಿಗ್ಗೆ ಅತ್ತೆ ಮಗನಿಗೆ, "ತಿರಗಿ ಕೊಟ್ಟ ಬಾ" ಎಂದರು.

"ಯಾಕವ್ವಾ? ಚಿತ್ರ ಚಲೋ ಬರತೈತಲ್ಲ?"

"ಚಲೋ ಐತಿ. ಆದ್ರ ಇದ ಒಂದ ಕೈಗೆ ಹಾಲ ಕೊಡೂ ಎಮ್ಮಿ. ಅಂಥಾದ್ದ ಮನ್ಯಾಗ ಒಂದೈತಿ, ಸಾಕ."

ನಾನು ಎದ್ದು ಕೊಟ್ಟಿಗೆಯ ಕಡೆ ಹೋದೆ. ನನಗೆ ಬರುವುದು ಇದೊಂದೇ, ಇದೂ ಇವರಿಗೆ ಬೇಡವಾಯಿತಲ್ಲ. ಅತ್ತೆ ಹಿಂದೆಯೇ ಬಂದರು.

"ಸಿಟ್ಟ ಬಂತೇನ ಶಾಣ್ಯಾಕಿ?"

"ಇಲ್ರಿ ಅತ್ತಿ."

"ಮೂಗ ಕೆಂಪಗಾಗೈತಿ, ಇಲ್ರಿ ಅಂತಿ." ಅವರು ಚಂದ್ರಿಯ ಬೆನ್ನಿನ ಮೇಲೆ ಕೈಯಿಟ್ಟರು. "ಈಕಿ ನನ್ನ ಬಿಟ್ಟ ಯಾರಿಗೂ ಕೊಡೂದಿಲ್ಲ ಅಂತ ನಾನೂ ಓಣಿ ತುಂಬ ಹೇಳಕೋತ ತಿರಗತಿದ್ದೆ. ಭಾಳ ಖುಷಿ ಅನಸತಿತ್ತ. ಭೋಜ ನನ್ನ ತವರಮನಿ. ಅಲ್ಲಿ ಒಂದ ರಾತ್ರಿ ಮಲಗಿ ಏಳ ವರ್ಷಾತ. ನಮ್ಮಣ್ಣನ ಮಗಳ ಲಗ್ನದಾಗ ಅಕ್ಕಿಕಾಳ ಹಾಕಿ, ಕೈ ಸೈತ ತೊಳಿದ ಬಸ್ ಹತ್ತೀನಿ, ಸಂಜಿ ಹೊತ್ತಿಗೆ ಹಿಂಡಬೇಕಂತ. ಎಮ್ಮಿ ನಾ ಕಟ್ಟೇನಿ ಅನಕೊಂಡಿದ್ದೆ. ಅದ ನನ್ನ ಕಟ್ಟಿತ್ತ." ಆಮೇಲೆ ನನ್ನ ಹೊಟ್ಟೆಯತ್ತ ಗದ್ದ ತೋರಿಸಿದರು. ನನಗಾಗ ಆರು ತಿಂಗಳು. "ಮುಂದಿನ ತಿಂಗಳ ಹಡ್ಯಾಕ ತವರಿಗೆ ಹೋಗಾಕಿ ನೀ. ಆ ಪೆಟಗಿ ಸಲುವಾಗಿ ಎಂಟ ದಿನಕ್ಕ ಓಡಿ ಬರತೀಯೇನ?"

ನಾನು ಒಳಗೆ ಹೋಗಿ ಪುಸ್ತಕ ತಂದು ಅವರ ಕೈಗೆ ಕೊಟ್ಟೆ.

"ಇದು ಬೇಕಾಗೇ ಇಲ್ಲರಿ ಅತ್ತಿ. ಬರೇ ಎರಡು ಗುಂಡಿ."

ಅತ್ತೆ ನನ್ನನ್ನೇ ದಿಟ್ಟಿಸಿದರು. "ಮತ್ತ ದಿನಾ ಮಂತ್ರ ಅಂದಂಗ ಏನ ವಟವಟ ಅಂತಿದ್ದಿ?"

"ಸುಮ್ಮನೆ ರೀ."

ಅವರು ನಕ್ಕ ನಗೆಗೆ ಚಂದ್ರಿ ಕೂಡ ತಿರುಗಿ ನೋಡಿದಳು. ನಾನು ಟಿಕಳಿಯ ಪಾಕೀಟು ತಂದು ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು ಹಚ್ಚಿದೆ. ಅತ್ತೆ ನನ್ನನ್ನು ಹೊರಗೆ ನಿಲ್ಲಿಸಿ ಒಬ್ಬರೇ ಒಳಗೆ ಹೋದರು. ಹತ್ತು ನಿಮಿಷವಾದ ಮೇಲೆ ಕರೆದರು. ಅವರು ಹಿಡಿದಿಟ್ಟದ್ದರಲ್ಲಿ ಕನ್ನಡಕದವರೊಬ್ಬರು ಕಬ್ಬಿಗೆ ಗೊಬ್ಬರ ಹಾಕುವ ಬಗ್ಗೆ ಹೇಳುತ್ತಿದ್ದರು, ಅಷ್ಟೇ. ಅತ್ತೆ ಅದನ್ನು ಮೂರು ಸಲ ನೋಡಿದರು. ಯಂತ್ರ ಮಿರಜಕ್ಕೆ ತಿರುಗಿ ಹೋಗಲಿಲ್ಲ.

ನಾನು ತವರಿನಲ್ಲಿ ಪೂರ್ತಿ ಐದು ತಿಂಗಳು ಇದ್ದೆ. ಕೂಸಿನೊಂದಿಗೆ ಬಂದಾಗ ಟಿವಿಯ ಮೇಲೆ ಕ್ಯಾಸೆಟ್ಟುಗಳ ಸಾಲಿತ್ತು. ಭೋಂಗಾ ಕೂಗಿದೊಡನೆ ಎರಡು ಟಿಕಳಿ ಒತ್ತಿ ಹಿಂಡಲು ಹೋಗುತ್ತಿದ್ದರಂತೆ, ಹಾಗಾಗಿ ಎಲ್ಲ ಬರೀ ಕೊನೆಗಳು. ಮೊದಲರ್ಧವನ್ನು ಅತ್ತೆ ಬಾಯಲ್ಲಿ ಹೇಳುತ್ತಿದ್ದರು, ಉಳಿದರ್ಧವನ್ನು ಯಂತ್ರ ತೋರಿಸುತ್ತಿತ್ತು. ನಾನು ಅಷ್ಟು ಚೆಂದದ ಸಿನಿಮಾಗಳನ್ನು ಮತ್ತೆ ನೋಡಿಲ್ಲ. ಚಂದ್ರಿಯ ಮಗಳು ಮೊದಲ ಸಲ ಈದಾಗ ಅತ್ತೆ ಮೊದಲ ದಿನದಿಂದಲೇ ನನ್ನನ್ನು ಅದರ ಪಕ್ಕ ಕುಕ್ಕರಗಾಲಲ್ಲಿ ಕೂರಿಸಿದರು, ಬಳೆ ತೆಗೆಸಿ. ಚಂದ್ರಿಯ ಹಾಲು ಬತ್ತಿದ ಮೇಲೆ ಒಂದು ಬೆಳಿಗ್ಗೆ ಅವರು ಭೋಜಕ್ಕೆ ಹೋದರು. ನಾಲ್ಕು ರಾತ್ರಿ ಉಳಿದು ಬಂದರು.

ಅಗ್ಗದ ಆ ಯಂತ್ರ ಹನ್ನೆರಡು ವರ್ಷ ನಡೆಯಿತು. ಅತ್ತೆ ಈಗಿಲ್ಲ.

ವಿಸಿಆರನ್ನು ಮತ್ತೆ ಗವಸಿನಲ್ಲಿ ಸುತ್ತಿಟ್ಟು, ದೇವರ ಗೂಡಿನ ಪಕ್ಕದಿಂದ ಟಿಕಳಿಯ ಪಾಕೀಟು ತೆಗೆದುಕೊಂಡೆ. ನಮ್ಮವರನ್ನು ವಾಷಿಂಗ್ ಮಷೀನಿನ ಮುಂದೆ ಕರೆದು ನಿಲ್ಲಿಸಿದೆ.

"ಮೊದಲು ಹಸಿರು, ಆಮೇಲೆ ಕೆಂಪು ರೀ. ಅಷ್ಟೇ."

"ಬರೇ ಎರಡನ?" ಎಂದರು ಅವರು. "ಮತ್ತ ಇಷ್ಟ ವರ್ಷ ಮುಟ್ಟಬ್ಯಾಡ್ರಿ, ನಿಮಗ ತಿಳಿಯೂದಿಲ್ಲ ಅಂತಿದ್ದಿ?"

 ನಾನು ಸಣ್ಣ ಚೀಲವನ್ನು ಅಟ್ಟದಲ್ಲೇ ಬಿಟ್ಟು, ದೊಡ್ಡದನ್ನು ಇಳಿಸಿಕೊಂಡೆ.